ಲೈವ್‌ಎಟಿಸಿ: ಕೇಳಿಸುವುದೆಷ್ಟು, ಕೇಳಿಸದೆ ಉಳಿಯುವುದೆಷ್ಟು

ವಿಮಾನದ ಪೈಲಟ್‌ಗಳು ನೆಲದ ಮೇಲಿನ ವಾಯು ಸಂಚಾರ ನಿಯಂತ್ರಕರೊಂದಿಗೆ ರೇಡಿಯೋದಲ್ಲಿ ಆಡುವ ಮಾತನ್ನು ಅಂತರ್ಜಾಲದ ಮೂಲಕ ಕೇಳಿಸುವ ಸೇವೆಗಳಲ್ಲಿ ಲೈವ್‌ಎಟಿಸಿ ಹೆಚ್ಚು ಪರಿಚಿತವಾದದ್ದು. ದೊಡ್ಡದೊಂದು ವಿಮಾನ ಅವಘಡ ಸಂಭವಿಸಿದ ಕೆಲವೇ ಗಂಟೆಗಳಲ್ಲಿ ಸುದ್ದಿ ವಾಹಿನಿಗಳು ಪ್ರಸಾರ ಮಾಡುವ ಕರಕರ ಸದ್ದಿನ ಧ್ವನಿಮುದ್ರಣ ಅನೇಕ ಸಲ ಬಂದಿರುವುದು ಇಲ್ಲಿಂದಲೇ. ಬಹಳ ಜನ ಈ ಸೇವೆಯ ಹೆಸರನ್ನು ಮೊದಲ ಬಾರಿ ಕೇಳುವುದೂ ಅಂಥ ದಿನದಲ್ಲೇ. ನಾನು ಇದನ್ನು ದೀರ್ಘಕಾಲದಿಂದ ಬಳಸುತ್ತಿದ್ದೇನೆ. ಅವಘಡಗಳ ಬಗ್ಗೆ ಗಂಭೀರವಾಗಿ ಚರ್ಚಿಸಬಯಸುವ ಸಾಮಾನ್ಯ ಜನರಿಗೆ ಇದರಷ್ಟು ಉಪಯುಕ್ತವಾದ ಸಾಧನ ಇನ್ನೊಂದಿಲ್ಲವೆಂದು ನಂಬಿದ್ದೇನೆ. ಆದರೆ ಇದರ ಒಂದು ತುಣುಕನ್ನು ಮಾತ್ರ ಕೇಳಿ ತೀರ್ಪು ಕೊಡಲು ಹೊರಡುವವರನ್ನು ಇದು ಅಷ್ಟೇ ಸುಲಭವಾಗಿ ದಾರಿ ತಪ್ಪಿಸುತ್ತದೆ. ಸೇವೆಯ ಗುಣ ಮತ್ತು ಮಿತಿ ಎರಡೂ ಅದು ನಡೆಯುವ ಬಗೆಯಲ್ಲೇ ಇರುವುದರಿಂದ ಮೊದಲು ಅದನ್ನು ತಿಳಿದುಕೊಳ್ಳಬೇಕು.

ನಾಗರಿಕ ವಿಮಾನಗಳ ಮಾತುಕತೆ ಮುಖ್ಯವಾಗಿ 118ರಿಂದ 137 ಮೆಗಾಹರ್ಟ್ಜ್‌ವರೆಗಿನ ವಿಎಚ್‌ಎಫ್ ಎಂಬ ರೇಡಿಯೋ ಪಟ್ಟಿಯಲ್ಲಿ ನಡೆಯುತ್ತದೆ. ಈ ಅಲೆಗಳು ಬಹುತೇಕ ನೇರ ದೃಷ್ಟಿರೇಖೆಯಲ್ಲಿ ಸಾಗುವುದರಿಂದ ಎತ್ತರದಲ್ಲಿರುವ ವಿಮಾನದ ಧ್ವನಿ ಬಹುದೂರ ಮುಟ್ಟುತ್ತದೆ. 10 ಕಿಲೋಮೀಟರ್ ಎತ್ತರದಲ್ಲಿರುವ ಪೈಲಟ್‌ನ ಮಾತು 300 ಕಿಲೋಮೀಟರಿಗೂ ಹೆಚ್ಚು ದೂರದ ಗ್ರಾಹಕ ಯಂತ್ರಕ್ಕೆ ಸಿಗಬಲ್ಲದು. ಅದೇ ಯಂತ್ರಕ್ಕೆ ಸಮೀಪದ ಗುಡ್ಡದ ಆಚೆಗಿರುವ ನಿಯಂತ್ರಣ ಗೋಪುರದ ಮಾತು ಒಂದಿಷ್ಟೂ ಸಿಗದೆ ಹೋಗಬಹುದು. ಲೈವ್‌ಎಟಿಸಿಯ ಜಾಲ ನಿಂತಿರುವುದು ವಿಮಾನ ನಿಲ್ದಾಣಗಳ ಸುತ್ತಮುತ್ತ ಆ್ಯಂಟೆನಾ, ಗ್ರಾಹಕ ಯಂತ್ರ ಮತ್ತು ಕಂಪ್ಯೂಟರ್ ಇಟ್ಟುಕೊಂಡು ಧ್ವನಿಯನ್ನು ಕಳಿಸುವ ಸ್ವಯಂಸೇವಕರ ಮೇಲೆ. ನಿಯಂತ್ರಣ ಗೋಪುರದ ಒಳಗಿನ ಅಧಿಕೃತ ಧ್ವನಿಮುದ್ರಣ ಇದಲ್ಲ. ಹೊರಗೆ ನಿಂತ ಒಂದು ಆ್ಯಂಟೆನಾಕ್ಕೆ ಎಟುಕಿದಷ್ಟು ಮಾತು ಮಾತ್ರ. ಪೈಲಟ್‌ನ ಧ್ವನಿ ಸ್ಪಷ್ಟವಾಗಿದ್ದು ನಿಯಂತ್ರಕರ ಧ್ವನಿ ಮಾಯವಾಗಿರುವ ಫೀಡ್‌ಗಳು (ಸ್ವಯಂಸೇವಕರು ಕಳಿಸುವ ಧ್ವನಿಪ್ರಸಾರಗಳು) ಸಿಕ್ಕಾಗ ಅದನ್ನು ಸೇವೆಯ ಕೊರತೆಯೆಂದು ದೂರದೆ, ಭೌತಶಾಸ್ತ್ರದ ಮಿತಿಯೆಂದು ಅರಿತರೆ ಸಾಕು.

ಬಳಕೆ ಸರಳವಾಗಿದೆ. ಪ್ರತಿ ವಿಮಾನ ನಿಲ್ದಾಣಕ್ಕೂ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಗೊತ್ತುಪಡಿಸಿದ ನಾಲ್ಕಕ್ಷರದ ಸಂಕೇತವಿದೆ: ನ್ಯೂಯಾರ್ಕಿನ ಕೆನಡಿ ನಿಲ್ದಾಣಕ್ಕೆ ಕೆಜೆಎಫ್‌ಕೆ, ಟೋಕಿಯೊದ ಹನೇಡಾಕ್ಕೆ ಆರ್‌ಜೆಟಿಟಿ. ಅದನ್ನು ಹುಡುಕಿದರೆ ಆ ನಿಲ್ದಾಣಕ್ಕೆ ಸಂಬಂಧಿಸಿದ ಫೀಡ್‌ಗಳ ಪಟ್ಟಿ, ಅವು ಸದ್ಯ ನಡೆಯುತ್ತಿವೆಯೇ ಎಂಬ ಸೂಚನೆ ಮತ್ತು ಅಲ್ಲಿನ ಹವಾಮಾನ ವರದಿ ತೆರೆದುಕೊಳ್ಳುತ್ತವೆ. ಜಾಲತಾಣದಲ್ಲಿ ಕೇಳುವುದು ಉಚಿತ. ಮೊಬೈಲ್ ಆ್ಯಪ್‌ಗೆ ಹಣ ಕೊಡಬೇಕು. ವಿನ್ಯಾಸ ಹಳೆಯ ಕಾಲದ್ದಾಗಿದ್ದು ನೋಡುವುದಕ್ಕೆ ಅಂದವಾಗಿಲ್ಲ, ಆದರೆ ಬೇಕಾದದ್ದು ಬೇಗ ಸಿಗುತ್ತದೆ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಫೀಡ್ ಆಯ್ಕೆಯ ಬಗ್ಗೆ ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರು ನಿರಾಶರಾಗುವುದು ಅಲ್ಲೇ. ದೊಡ್ಡ ನಿಲ್ದಾಣವೊಂದರಲ್ಲಿ ಹಾರಾಟದ ಮಾರ್ಗಾನುಮತಿ ಕೊಡುವವರು, ನೆಲದ ಮೇಲಿನ ಓಡಾಟ ನೋಡಿಕೊಳ್ಳುವ ಗ್ರೌಂಡ್, ರನ್‌ವೇಯ ಹೊಣೆ ಹೊತ್ತ ಟವರ್, ಏರುವ ಮತ್ತು ಇಳಿಯುವ ವಿಮಾನಗಳನ್ನು ಸಾಲುಗೂಡಿಸುವ ಅಪ್ರೋಚ್ ಎಂದು ಬೇರೆ ಬೇರೆ ನಿಯಂತ್ರಕರು ಬೇರೆ ಬೇರೆ ಫ್ರೀಕ್ವೆನ್ಸಿಗಳಲ್ಲಿ ಕೆಲಸ ಮಾಡುತ್ತಾರೆ. ಕೆಲವು ಫೀಡ್‌ಗಳು ಒಂದೇ ಫ್ರೀಕ್ವೆನ್ಸಿಯನ್ನು ಹಿಡಿದಿರುತ್ತವೆ. ಇನ್ನು ಕೆಲವು ಸ್ಕ್ಯಾನರ್ ಮೂಲಕ ಹಲವು ಫ್ರೀಕ್ವೆನ್ಸಿಗಳ ಮೇಲೆ ಓಡಾಡುತ್ತಾ, ಒಂದರಲ್ಲಿ ಮಾತು ಕೇಳಿದೊಡನೆ ಅಲ್ಲಿ ನಿಂತು, ಮುಗಿದ ಬಳಿಕ ಮುಂದಕ್ಕೆ ಹೋಗುತ್ತವೆ. ಸ್ಕ್ಯಾನರ್ ಒಂದು ಕಡೆ ನಿಂತಿರುವಾಗ ಮತ್ತೊಂದು ಕಡೆ ಆಡಿದ ಮಾತು ದಾಖಲಾಗುವುದೇ ಇಲ್ಲ. ಆದ್ದರಿಂದ ಕಲಿಯುವವರು ಟವರ್ ಫ್ರೀಕ್ವೆನ್ಸಿ ಒಂದನ್ನೇ ಹಿಡಿದಿರುವ ಫೀಡ್‌ನಿಂದ ಆರಂಭಿಸಬೇಕು. ಇಳಿಯುವ ಅನುಮತಿ, ಹೊರಡುವ ಅನುಮತಿ, ರನ್‌ವೇ ದಾಟುವ ಅನುಮತಿ, ಹೀಗೆ ಅಲ್ಲಿನ ಮಾತಿನ ಬಗೆಗಳು ಕಡಿಮೆ. ಅವೇ ಮತ್ತೆ ಮತ್ತೆ ಬರುವುದರಿಂದ ಕಿವಿ ಬೇಗ ಪಳಗುತ್ತದೆ. ಜೊತೆಗೆ ವಿಮಾನಗಳ ಸ್ಥಾನ ತೋರಿಸುವ ಫ್ಲೈಟ್‌ರಾಡಾರ್24ರಂಥ ತಾಣವನ್ನು ತೆರೆದಿಟ್ಟುಕೊಂಡರೆ ಕೇಳಿದ ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನವನ್ನು ಗುರುತಿಸುವ ಹೆಸರು) ಯಾವ ವಿಮಾನದ್ದು, ಅದು ಎಲ್ಲಿದೆ ಎಂಬುದು ಕಣ್ಣಿಗೂ ಕಾಣುತ್ತದೆ. ಅಂತರ್ಜಾಲದ ಧ್ವನಿ ಕೊಂಚ ತಡವಾಗಿ ತಲುಪುವುದರಿಂದ ಪರದೆಯ ಮೇಲಿನ ಚಲನೆಗೂ ಕೇಳುವ ಮಾತಿಗೂ ಸರಿಯಾಗಿ ತಾಳೆಯಾಗದಿದ್ದರೆ ಅಚ್ಚರಿಪಡಬೇಕಾಗಿಲ್ಲ.

ಕಿವಿ ಪಳಗಿದ ಮೇಲೆ ಗಮನಿಸಬೇಕಾದ ಮುಖ್ಯ ವಿಷಯ ರೀಡ್‌ಬ್ಯಾಕ್. ರನ್‌ವೇಗೆ ಸಂಬಂಧಿಸಿದ ಅನುಮತಿ, ಎತ್ತರ, ದಿಕ್ಕು, ವಾಯುಭಾರಮಾಪಕದ ಹೊಂದಾಣಿಕೆ ಇವೆಲ್ಲವನ್ನೂ ಪೈಲಟ್ ಮರಳಿ ಒಪ್ಪಿಸಬೇಕು, ನಿಯಂತ್ರಕರು ಅದನ್ನು ಕೇಳಿ ತಪ್ಪಿದ್ದರೆ ಒಡನೆ ತಿದ್ದಬೇಕು. ಸಾಮಾನ್ಯ ದಿನದ ಅರ್ಧ ಗಂಟೆಯ ಧ್ವನಿಯಲ್ಲೂ ಇಂಥ ತಿದ್ದುಪಡಿಗಳು ಸದ್ದಿಲ್ಲದೆ ನಡೆಯುವುದನ್ನು ಕೇಳಬಹುದು: ಪೈಲಟ್ ಒಂದು ಅಂಕಿಯನ್ನು ಬದಲಾಯಿಸಿ ಹೇಳುತ್ತಾನೆ, ನಿಯಂತ್ರಕಿ ಸಮಾಧಾನದ ಧ್ವನಿಯಲ್ಲಿ ಸರಿಯಾದ ಅಂಕಿಯನ್ನು ಮತ್ತೆ ಹೇಳುತ್ತಾಳೆ, ಪೈಲಟ್ ಅದನ್ನು ಒಪ್ಪಿಸುತ್ತಾನೆ, ಮುಂದಿನ ವಿಮಾನದ ಸರದಿ ಬರುತ್ತದೆ. ವಿಮಾನಯಾನದ ಸುರಕ್ಷತೆ ಬಹುಮಟ್ಟಿಗೆ ಈ ಕೆಲವು ಸೆಕೆಂಡುಗಳ ವಿನಿಮಯದಲ್ಲಿದೆ, ಮತ್ತು ಅದು ಯಾವ ಸುದ್ದಿಯಲ್ಲೂ ಬರುವುದಿಲ್ಲ. ಈ ಸೇವೆಯ ಅತಿ ದೊಡ್ಡ ಸಂಪತ್ತು ಅವಘಡದ ಧ್ವನಿಮುದ್ರಣಗಳಲ್ಲಿಲ್ಲ, ಏನೂ ಆಗದ ದಿನಗಳ ಧ್ವನಿಯಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಹಜ ಹೇಗಿರುತ್ತದೆಂದು ತಿಳಿಯದವರು ಅಸಹಜವನ್ನು ಗುರುತಿಸಲಾರರು. ನಿಯಂತ್ರಕರ ವೇಗದ ಮಾತನ್ನು ಸಿಡಿಮಿಡಿಯೆಂದೂ, ಪೈಲಟ್‌ನ ಚುಟುಕು ಉತ್ತರವನ್ನು ಉಡಾಫೆಯೆಂದೂ ಅರ್ಥಮಾಡಿಕೊಳ್ಳುವವರು ಸಾಮಾನ್ಯವಾಗಿ ಅವಘಡದ ತುಣುಕನ್ನು ಬಿಟ್ಟು ಬೇರೇನನ್ನೂ ಕೇಳಿರುವುದಿಲ್ಲ.

ಹಳೆಯ ಧ್ವನಿಯನ್ನು ಹುಡುಕಿ ಕೇಳುವ ಸಂಗ್ರಹದ ವಿಭಾಗವೇ ಈ ಸೇವೆಯನ್ನು ಬರಿಯ ಹವ್ಯಾಸದಿಂದ ಮೇಲಕ್ಕೆತ್ತುವುದು. ಅಲ್ಲಿ ಧ್ವನಿ ಅರ್ಧ ಗಂಟೆಯ ಕಡತಗಳಾಗಿ ಉಳಿದಿರುತ್ತದೆ. ಕಡತದ ಹೊತ್ತು ಸ್ಥಳೀಯ ಸಮಯದಲ್ಲಿರದೆ ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯದಲ್ಲಿರುತ್ತದೆ. ಅವಘಡದ ಸ್ಥಳೀಯ ಸಮಯವನ್ನು ಯುಟಿಸಿಗೆ ಬದಲಾಯಿಸಿಕೊಂಡು, ಆ ಕ್ಷಣ ಇರುವ ಕಡತವನ್ನಷ್ಟೇ ಅಲ್ಲದೆ ಅದರ ಹಿಂದಿನ ಕಡತವನ್ನೂ ತೆಗೆದುಕೊಳ್ಳುವುದು ಒಳ್ಳೆಯದು. ಸುದ್ದಿಯಲ್ಲಿ ಹರಿದಾಡುವ ತುಣುಕು ಯಾರೋ ಕೂಗಿದ ಕ್ಷಣದಿಂದ ಆರಂಭವಾಗುತ್ತದೆ. ಕೂಗುವಂತಾದದ್ದು ಹೇಗೆಂಬುದು ಅದಕ್ಕಿಂತ ಹಲವು ನಿಮಿಷ ಹಿಂದಿನ ಧ್ವನಿಯಲ್ಲಿರುತ್ತದೆ.

2023ರ ಜನವರಿ 13ರಂದು ಕೆನಡಿ ನಿಲ್ದಾಣದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 777 ವಿಮಾನವೊಂದು ಅನುಮತಿಯಿಲ್ಲದೆ ರನ್‌ವೇ ದಾಟಿತು. ಅದೇ ರನ್‌ವೇಯಲ್ಲಿ ಹೊರಡಲು ಓಟ ಆರಂಭಿಸಿದ್ದ ಡೆಲ್ಟಾ ಸಂಸ್ಥೆಯ 1943 ಸಂಖ್ಯೆಯ ವಿಮಾನದ ಅನುಮತಿಯನ್ನು ನಿಯಂತ್ರಕರು ತಟ್ಟನೆ ರದ್ದು ಮಾಡಿದರು. ಅದು ಸಕಾಲದಲ್ಲಿ ನಿಂತಿತು. ಎಲ್ಲೆಡೆ ಹಂಚಿಕೆಯಾದದ್ದು ನಿಯಂತ್ರಕರ ಆ ತುರ್ತು ಧ್ವನಿ. ಆದರೆ ತುಸು ಹಿಂದಕ್ಕೆ ಹೋಗಿ ಕೇಳಿದರೆ 777ಕ್ಕೆ ‘31 ಎಡ’ ಎಂಬ ಹೆಸರಿನ ರನ್‌ವೇಯನ್ನು ದಾಟುವ ಅನುಮತಿ ಸಿಕ್ಕಿದ್ದು ತಿಳಿಯುತ್ತದೆ. ದಾಟಿದ್ದು ‘4 ಎಡ’ ಎಂಬ ರನ್‌ವೇಯನ್ನು. ಈ ಎರಡು ಸಂಗತಿಗಳನ್ನು ನಿಲ್ದಾಣದ ನಕ್ಷೆಯ ಮೇಲಿಟ್ಟು ನೋಡಿದಾಗ ಚರ್ಚೆ ‘ಯಾರು ಎಚ್ಚರ ತಪ್ಪಿದರು’ ಎಂಬಲ್ಲಿಂದ ‘ಸಿಬ್ಬಂದಿ ತಾವು ಬೇರೆ ಕಡೆ ಇದ್ದೇವೆಂದು ಏಕೆ ಭಾವಿಸಿದರು’ ಎಂಬಲ್ಲಿಗೆ ಸಾಗುತ್ತದೆ, ಮತ್ತು ಮುಂದಿನ ಅವಘಡವನ್ನು ತಪ್ಪಿಸುವ ಉತ್ತರ ಸಿಗುವುದು ಎರಡನೆಯ ಪ್ರಶ್ನೆಗೆ ಮಾತ್ರ.

ಅದೇ ಘಟನೆಯಲ್ಲಿ ಎರಡೂ ವಿಮಾನಗಳ ಕಾಕ್‌ಪಿಟ್ ಧ್ವನಿಮುದ್ರಣ ಅಳಿಸಿಹೋಗಿತ್ತು. ಬಹುಪಾಲು ವಿಮಾನಗಳಲ್ಲಿದ್ದ ಕಾಕ್‌ಪಿಟ್ ಧ್ವನಿಮುದ್ರಕ ಕೊನೆಯ ಎರಡು ಗಂಟೆಯನ್ನು ಮಾತ್ರ ಉಳಿಸಿಕೊಂಡು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತಿತ್ತು. ವಿಮಾನ ನಾಶವಾಗದೆ ಪ್ರಯಾಣ ಮುಂದುವರಿಸಿದರೆ ಮಹತ್ವದ ನಿಮಿಷಗಳು ಕಳೆದುಹೋಗುತ್ತವೆ. 2017ರ ಜುಲೈ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏರ್ ಕೆನಡಾ 759ರ ವಿಷಯದಲ್ಲೂ ಹೀಗೆಯೇ ಆಯಿತು. ರನ್‌ವೇ 28 ಬಲದಲ್ಲಿ ಇಳಿಯಬೇಕಿದ್ದ ಆ ಏರ್‌ಬಸ್ ಎ320, ಪಕ್ಕದ ಟ್ಯಾಕ್ಸಿವೇಯತ್ತ (ವಿಮಾನಗಳು ರನ್‌ವೇಗೆ ಹೋಗಿಬರುವ ದಾರಿ) ಮುಖಮಾಡಿ ಇಳಿಯುತ್ತಿತ್ತು. ಆ ಟ್ಯಾಕ್ಸಿವೇ ಮೇಲೆ ನಾಲ್ಕು ವಿಮಾನಗಳು ಸರದಿ ಕಾಯುತ್ತಿದ್ದವು. ರನ್‌ವೇ ಮೇಲೆ ದೀಪಗಳು ಕಾಣುತ್ತಿವೆ, ಇಳಿಯಬಹುದೇ ಎಂದು ಪೈಲಟ್ ಕೇಳುತ್ತಾನೆ. ರನ್‌ವೇ ಖಾಲಿಯಿದೆ ಎಂದು ಗೋಪುರ ಉತ್ತರಿಸುತ್ತದೆ, ಮತ್ತು ಆ ಉತ್ತರ ಅಕ್ಷರಶಃ ಸರಿಯಾಗಿಯೇ ಇದೆ. ಬಳಿಕ ನೆಲದ ಮೇಲಿನ ವಿಮಾನವೊಂದರಿಂದ, ಈತ ಟ್ಯಾಕ್ಸಿವೇ ಮೇಲಿದ್ದಾನೆ ಎಂಬ ಆತಂಕದ ಮಾತು ಬರುತ್ತದೆ. ಸುಮಾರು 60 ಅಡಿಯವರೆಗೆ ಕೆಳಗಿಳಿದು ವಿಮಾನ ಮೇಲೇರಿತು. ಕಾಕ್‌ಪಿಟ್‌ನೊಳಗಿನ ಮಾತು ಉಳಿಯದ ಕಾರಣ ಆ ನಿಮಿಷಗಳಿಗೆ ಉಳಿದ ಧ್ವನಿಸಾಕ್ಷ್ಯ ರೇಡಿಯೋ ಮಾತುಕತೆಯೊಂದೇ. 25 ಗಂಟೆ ಉಳಿಸಿಕೊಳ್ಳಬಲ್ಲ ಧ್ವನಿಮುದ್ರಕ ಬೇಕೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2018ರಲ್ಲಿ ಶಿಫಾರಸು ಮಾಡುವುದಕ್ಕೆ ಇದೂ ಒಂದು ಕಾರಣವಾಯಿತು. ಇನ್ನು ಕಾಕ್‌ಪಿಟ್ ಧ್ವನಿ ಉಳಿದಿದ್ದರೂ ಆ ಮಂಡಳಿ ಬರಹರೂಪವನ್ನಷ್ಟೇ ಪ್ರಕಟಿಸುತ್ತದೆ. ಧ್ವನಿಯನ್ನು ಬಹಿರಂಗಪಡಿಸಲು ಕಾನೂನು ಬಿಡುವುದಿಲ್ಲ. ಹೀಗಾಗಿ ಸಾರ್ವಜನಿಕರ ಕಿವಿಗೆ ನೇರವಾಗಿ ಬೀಳುವುದು ಬಹುತೇಕ ರೇಡಿಯೋದ ಮಾತೇ.

ಇಲ್ಲಿಂದ ಮುಂದಿನದು ಎಚ್ಚರಿಕೆಯ ಭಾಗ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನ ರೇಗನ್ ನಿಲ್ದಾಣದ ಬಳಿ ಪಿಎಸ್‌ಎ ಏರ್‌ಲೈನ್ಸ್‌ನ ಪ್ರಯಾಣಿಕ ವಿಮಾನವೂ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರೂ ಡಿಕ್ಕಿಯಾಗಿ 67 ಜನ ಮೃತಪಟ್ಟರು. ರೇಡಿಯೋ ಧ್ವನಿ ಅದೇ ರಾತ್ರಿ ಜಗತ್ತಿನಾದ್ಯಂತ ಹರಡಿತು. ವಿಮಾನ ಕಾಣುತ್ತಿದೆಯೇ ಎಂದು ನಿಯಂತ್ರಕರು ಕೇಳಿದ್ದು, ಅದರ ಹಿಂದಿನಿಂದ ಹಾದುಹೋಗಿ ಎಂದು ಹೇಳಿದ್ದು, ಅಂತರ ಕಾಯ್ದುಕೊಳ್ಳುವ ಹೊಣೆಯನ್ನು ಹೆಲಿಕಾಪ್ಟರ್ ತಾನೇ ಹೊತ್ತದ್ದು ಎಲ್ಲವೂ ಅದರಲ್ಲಿವೆ. ಕೇಳಿದವರಿಗೆ ಚಿತ್ರ ಪೂರ್ಣವಾಯಿತೆಂದು ಅನ್ನಿಸುವುದು ಸಹಜ. ಆದರೆ ಹೆಲಿಕಾಪ್ಟರ್ ಮತ್ತು ವಿಮಾನ ಬೇರೆ ಬೇರೆ ಫ್ರೀಕ್ವೆನ್ಸಿಗಳಲ್ಲಿದ್ದವು. ಎರಡಕ್ಕೂ ನಿಯಂತ್ರಕರ ಧ್ವನಿ ಕೇಳುತ್ತಿತ್ತೇ ಹೊರತು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಜಾಲತಾಣದಲ್ಲಿ ಎರಡೂ ಫ್ರೀಕ್ವೆನ್ಸಿಗಳನ್ನು ಬೆರೆಸಿ ಕೇಳುವವನಿಗೆ ವಿಮಾನದ ಪೈಲಟ್‌ಗಳಿಗಿಂತ ಹೆಚ್ಚು ತಿಳಿದಿರುತ್ತದೆ. ಒಂದನ್ನೇ ಕೇಳುವವನಿಗೆ ಹೆಲಿಕಾಪ್ಟರ್ ಉತ್ತರವನ್ನೇ ಕೊಡಲಿಲ್ಲವೆಂದು ತೋರುತ್ತದೆ. ಇದಕ್ಕಿಂತಲೂ ಮುಖ್ಯವಾದ ಸಂಗತಿಯನ್ನು ಸುರಕ್ಷತಾ ಮಂಡಳಿ ಫೆಬ್ರವರಿಯಲ್ಲಿ ತಿಳಿಸಿತು. ಹಿಂದಿನಿಂದ ಹಾದುಹೋಗಿ ಎಂಬ ಸೂಚನೆ ಬರುತ್ತಿದ್ದಾಗ ಹೆಲಿಕಾಪ್ಟರ್‌ನ ಮೈಕ್ ಸುಮಾರು 0.8 ಸೆಕೆಂಡು ಒತ್ತಲ್ಪಟ್ಟಿತ್ತು. ಮೈಕ್ ಒತ್ತಿರುವಾಗ ಒಳಬರುವ ಮಾತು ಕೇಳುವುದಿಲ್ಲವಾದ್ದರಿಂದ ಆ ಮುಖ್ಯ ಪದಗಳು ಸಿಬ್ಬಂದಿಯ ಕಿವಿಗೆ ಬಿದ್ದಿರಲಿಕ್ಕಿಲ್ಲ. ಸಂಗ್ರಹದ ಕಡತದಲ್ಲಿ ಕೇಳುವ ಸೂಚನೆಯೊಂದು, ಅದನ್ನು ಕೇಳಲೇಬೇಕಿದ್ದವರಿಗೆ ತಲುಪದೆ ಹೋಗಿರಬಹುದು. ರೇಡಿಯೋ ಧ್ವನಿ ಕೇಳಿ ಯಾರ ಮೇಲಾದರೂ ತಪ್ಪು ಹೊರಿಸುವ ಮುನ್ನ ಪ್ರತಿಯೊಬ್ಬರೂ ಈ 0.8 ಸೆಕೆಂಡನ್ನು ನೆನೆಯಬೇಕೆಂದು ನಾನು ಬಯಸುತ್ತೇನೆ.

ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುವ ಸಮಸ್ಯೆ ಹೊಸದಲ್ಲ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣದಲ್ಲಿ ಮಂಜು ಕವಿದ ರನ್‌ವೇ ಮೇಲೆ ಕೆಎಲ್‌ಎಂ ಮತ್ತು ಪ್ಯಾನ್ ಆ್ಯಮ್ ಸಂಸ್ಥೆಗಳ ಎರಡು ಬೋಯಿಂಗ್ 747ಗಳು ಡಿಕ್ಕಿಯಾಗಿ 583 ಜನ ಸತ್ತ ದುರಂತದಲ್ಲಿ, ನಿಯಂತ್ರಕರು ಕಾಯಲು ಹೇಳಿದ್ದೂ ತಾವಿನ್ನೂ ರನ್‌ವೇ ಮೇಲೆಯೇ ಇದ್ದೇವೆಂದು ಪ್ಯಾನ್ ಆ್ಯಮ್ ಸಿಬ್ಬಂದಿ ಹೇಳಿದ್ದೂ ಒಂದೇ ಹೊತ್ತಿಗೆ ಪ್ರಸಾರವಾಗಿ, ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಕೀರಲು ಸದ್ದಾಗಿ ಕೇಳಿದವು. ವಿಮಾನಗಳ ರೇಡಿಯೋ ಇಂದಿಗೂ ಎಫ್‌ಎಂ ಬದಲು ಎಎಂ ಪದ್ಧತಿಯಲ್ಲೇ ನಡೆಯುವುದರ ಒಂದು ಪ್ರಯೋಜನವೂ ಈ ಕೀರಲು ಸದ್ದೇ. ಎಫ್‌ಎಂನಲ್ಲಿ ಬಲವಾದ ಸಂಕೇತ ದುರ್ಬಲವಾದದ್ದನ್ನು ಪೂರ್ತಿ ನುಂಗಿಬಿಡುತ್ತದೆ ಮತ್ತು ಇನ್ನೊಬ್ಬರು ಮಾತಾಡಿದ್ದರೆಂಬುದೇ ಗೊತ್ತಾಗುವುದಿಲ್ಲ. ಎಎಂನಲ್ಲಿ ಎರಡೂ ಬೆರೆತು ಸಿಳ್ಳೆಯಂಥ ಸದ್ದು ಬರುವುದರಿಂದ ಏನೋ ಕಳೆದುಹೋಯಿತೆಂಬ ಸುಳಿವಾದರೂ ಸಿಗುತ್ತದೆ. ಲೈವ್‌ಎಟಿಸಿಯಲ್ಲಿ ಆ ಸದ್ದು ಆಗಾಗ ಕೇಳುತ್ತದೆ. ಅದರ ಹಿಂದೆಯೇ ಬೇರೆ ಪೈಲಟ್ ಯಾರಾದರೂ ‘ಬ್ಲಾಕ್ಡ್’, ಅಂದರೆ ಮಾತು ಕೇಳಿಸಲಿಲ್ಲ, ಎನ್ನುತ್ತಾರೆ. ಹೊಸ ಕೇಳುಗರು ಅದನ್ನು ಫೀಡ್‌ನ ದೋಷವೆಂದು ತಿಳಿಯಬಾರದು.

ಮಾತು ಸ್ಪಷ್ಟವಾಗಿ ಕೇಳಿದರೂ ಅದರ ಭಾರ ತಿಳಿಯದಿರುವುದು ಇನ್ನೊಂದು ತೊಡಕು. 1990ರ ಜನವರಿ 25ರಂದು ನ್ಯೂಯಾರ್ಕ್ ಬಳಿ ಇಂಧನ ಮುಗಿದು ಬಿದ್ದ ಏವಿಯಾಂಕಾ 52 ವಿಮಾನದಲ್ಲಿದ್ದ 158 ಜನರಲ್ಲಿ 73 ಮಂದಿ ಸತ್ತರು. ಹವಾಮಾನ ಮತ್ತು ದಟ್ಟಣೆಯಿಂದಾಗಿ ಆ ವಿಮಾನ ಮೂರು ಬಾರಿ ಒಟ್ಟು 77 ನಿಮಿಷ ಆಕಾಶದಲ್ಲಿ ಸುತ್ತುತ್ತಾ ಕಾಯಬೇಕಾಗಿತ್ತು. ಇಂಧನ ಮುಗಿಯುತ್ತಿದೆ, ಆದ್ಯತೆ ಕೊಡಿ ಎಂದು ಸಿಬ್ಬಂದಿ ಹೇಳಿದರು. ತುರ್ತು ಪರಿಸ್ಥಿತಿಯೆಂದೋ ಮೇಡೇ (ಪ್ರಾಣಾಪಾಯ ಸೂಚಿಸುವ ಕರೆ) ಎಂದೋ ಘೋಷಿಸಲಿಲ್ಲ. ನಿಯಂತ್ರಕರ ವ್ಯವಸ್ಥೆ ಎಚ್ಚೆತ್ತುಕೊಳ್ಳುವುದು ಆ ನಿಗದಿತ ಪದಗಳಿಗೆ. 2024ರ ಜನವರಿ 2ರ ಹನೇಡಾ ಘಟನೆಯಲ್ಲಂತೂ ಮಾತಿನಲ್ಲಿ ಹುಡುಕಿದರೂ ತಪ್ಪು ಕಾಣುವುದಿಲ್ಲ. ರನ್‌ವೇಗೆ ಮುನ್ನ ನಿಂತು ಕಾಯುವ ಜಾಗವಾದ ಹೋಲ್ಡಿಂಗ್ ಪಾಯಿಂಟ್ ಸಿ5ರವರೆಗೆ ಬರುವಂತೆ, ಹೊರಡುವ ಸರದಿಯಲ್ಲಿ ಮೊದಲನೆಯವರೆಂದು ಕೋಸ್ಟ್ ಗಾರ್ಡ್ ವಿಮಾನಕ್ಕೆ ಹೇಳಲಾಯಿತು. ಅವರು ಅದನ್ನು ಸರಿಯಾಗಿಯೇ ಒಪ್ಪಿಸಿದರು. ಆದರೆ ರನ್‌ವೇ ಒಳಗೆ ಹೋಗಿ ನಿಂತರು. ಇಳಿದು ಬಂದ ಜಪಾನ್ ಏರ್‌ಲೈನ್ಸ್‌ನ ಎ350 ಡಿಕ್ಕಿಯಾಗಿ ಉರಿಯಿತು. ಅದರಲ್ಲಿದ್ದ 379 ಮಂದಿಯೂ ಪಾರಾದರು, ಕೋಸ್ಟ್ ಗಾರ್ಡ್‌ನ ಆರು ಜನರಲ್ಲಿ ಐವರು ಸತ್ತರು. ಜಪಾನಿನ ಸಾರಿಗೆ ಸಚಿವಾಲಯ ಮರುದಿನವೇ ಮಾತುಕತೆಯ ಬರಹರೂಪವನ್ನು ಪ್ರಕಟಿಸಿತು. ಸರದಿಯ ಸಂಖ್ಯೆ ಹೇಳುವ ರೂಢಿಯನ್ನು ಕೆಲಕಾಲ ನಿಲ್ಲಿಸಲಾಯಿತು. ಧ್ವನಿಮುದ್ರಣ ಎಷ್ಟೇ ಶುದ್ಧವಾಗಿದ್ದರೂ ಅದು ಕೇಳಿಸುವುದು ಹೇಳಿದ್ದನ್ನು ಮಾತ್ರ. ಕೇಳಿದವರ ಮನಸ್ಸಿನಲ್ಲಿ ಅದು ಏನಾಯಿತೆಂಬುದಕ್ಕೆ ತನಿಖೆಯೇ ಬೇಕು.

ಧ್ವನಿಯೇ ಇಲ್ಲದಿರುವಾಗ ಏನಾಗುತ್ತದೆಂಬುದನ್ನೂ ಹೇಳಬೇಕು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ 171 ಪತನವಾದ ಬಳಿಕ, ಪೈಲಟ್ ಆಡಿದರೆನ್ನಲಾದ ಉದ್ದುದ್ದ ವಾಕ್ಯಗಳು ಎಲ್ಲೆಡೆ ಹರಿದಾಡಿದವು. ಜುಲೈನಲ್ಲಿ ಬಂದ ಪ್ರಾಥಮಿಕ ವರದಿಯ ಪ್ರಕಾರ ಅಪಾಯ ತಿಳಿಸಲು ರೇಡಿಯೋದಲ್ಲಿ ಬಂದದ್ದು ಮೂರು ಬಾರಿ ಹೇಳಿದ ಮೇಡೇ ಎಂಬ ಕರೆಯೊಂದೇ. ನಿಯಂತ್ರಕರು ಕಾಲ್‌ಸೈನ್ ಕೇಳಿದರು, ಉತ್ತರ ಬರಲಿಲ್ಲ. ನಂಬಲರ್ಹ ಧ್ವನಿ ಸಂಗ್ರಹ ಇಲ್ಲದ ಕಡೆ ಆ ಜಾಗವನ್ನು ಕಲ್ಪನೆ ತುಂಬುತ್ತದೆ, ಮತ್ತು ಅದರಿಂದ ಮಡಿದವರ ಮನೆಯವರಿಗೆ ಆಗುವ ನೋವು ಸಣ್ಣದಲ್ಲ. ಈ ಒಂದು ಕಾರಣಕ್ಕಾಗಿಯೇ ಲೈವ್‌ಎಟಿಸಿಯಂಥ ಸಂಗ್ರಹ ಇರಬೇಕೆಂದು ನಾನು ವಾದಿಸುತ್ತೇನೆ: ಅದು ಪೂರ್ಣವಾಗಿರದಿದ್ದರೂ, ಹೇಳದ ಮಾತನ್ನು ಹೇಳಿದರೆಂದು ಹಬ್ಬಿಸುವುದನ್ನು ಕಷ್ಟವಾಗಿಸುತ್ತದೆ.

ಹಾಗಿದ್ದರೂ ಕೆಲವು ದೇಶಗಳು ಈ ಕೇಳುವಿಕೆಯನ್ನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 2006ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಡಿ ತನಗಾಗಿ ಅಲ್ಲದ ರೇಡಿಯೋ ಸಂದೇಶವನ್ನು ಅನುಮತಿಯಿಲ್ಲದೆ ಆಲಿಸುವುದೂ ಅದರಲ್ಲಿನ ಸಂಗತಿಯನ್ನು ಬಹಿರಂಗಪಡಿಸುವುದೂ ಅಪರಾಧ; ಆದ್ದರಿಂದ ಲೈವ್‌ಎಟಿಸಿಯಲ್ಲಿ ಆ ದೇಶದ ನಿಲ್ದಾಣಗಳ ಫೀಡ್ ಸಿಗುವುದಿಲ್ಲ. ಸ್ವಂತ ಗ್ರಾಹಕ ಯಂತ್ರ ಕೊಳ್ಳಬಯಸುವವರು ತಮ್ಮ ದೇಶದ ಕಾನೂನನ್ನು ಮೊದಲು ನೋಡಿಕೊಳ್ಳಬೇಕು. ಕಾನೂನು ಅನುಮತಿಸುವ ಕಡೆ ಕಂಪ್ಯೂಟರಿಗೆ ಜೋಡಿಸುವ ಎಸ್‌ಡಿಆರ್ ಎಂಬ ಸಣ್ಣ ರೇಡಿಯೋ ಗ್ರಾಹಕ ಸಾಧನವೂ ಸಾಧಾರಣ ಆ್ಯಂಟೆನಾವೂ ಇದ್ದರೆ ತಡವಿಲ್ಲದೆ, ಬೇಕಾದ ಫ್ರೀಕ್ವೆನ್ಸಿಯನ್ನೇ ಕೇಳಬಹುದು. ಆದರೆ ಜಗತ್ತಿನ ಇನ್ನೊಂದು ತುದಿಯ ನಿಲ್ದಾಣದ ಧ್ವನಿಯೂ ಹಿಂದಿನ ದಿನದ ಕಡತವೂ ಅದರಿಂದ ಸಿಗಲಾರವು. ಸಾಮಾನ್ಯ ಕೇಳುಗರಿಗೆ ಸಿಗದವು ಇನ್ನೂ ಇವೆ. ಸೇನಾ ವಿಮಾನಗಳು ಹೆಚ್ಚಾಗಿ ಬಳಸುವ ಯುಎಚ್‌ಎಫ್ ಎಂಬ ಬೇರೆ ರೇಡಿಯೋ ಪಟ್ಟಿ ಬಹುತೇಕ ಫೀಡ್‌ಗಳಲ್ಲಿ ಇರುವುದಿಲ್ಲ. ಸಾಗರದ ಮೇಲಿನ ಹಾರಾಟದಲ್ಲಿಯೂ ಹಲವು ಭೂಪ್ರದೇಶಗಳಲ್ಲಿಯೂ ಸೂಚನೆಗಳು ಈಗ ಸಿಪಿಡಿಎಲ್‌ಸಿ ಎಂಬ ಲಿಖಿತ ಸಂದೇಶಗಳಾಗಿ ಹೋಗುತ್ತವೆ. ನಿಯಂತ್ರಣ ಕೇಂದ್ರಗಳ ನಡುವಿನ ದೂರವಾಣಿ ಸಂಭಾಷಣೆ ರೇಡಿಯೋಗೆ ಬರುವುದೇ ಇಲ್ಲ. ಮೌನವಿದ್ದ ಮಾತ್ರಕ್ಕೆ ಯಾರೂ ಏನೂ ಮಾಡುತ್ತಿರಲಿಲ್ಲವೆಂದು ತೀರ್ಮಾನಿಸಬಾರದು.

ಕತ್ತರಿಸಿದ ತುಣುಕುಗಳ ಬಗ್ಗೆ ನನ್ನ ಆಕ್ಷೇಪ ಇರುವುದೂ ಈ ಮೌನದ ವಿಷಯದಲ್ಲೇ. ಈ ಸಂಗ್ರಹದ ಧ್ವನಿಗೆ ನಕ್ಷೆ, ಅಡಿಬರಹ ಮತ್ತು ವಿಮಾನಗಳ ಚಲನೆಯನ್ನು ಸೇರಿಸಿ ಯೂಟ್ಯೂಬ್‌ನಲ್ಲಿ ವಿಡಿಯೊ ಮಾಡುವವರಿದ್ದಾರೆ. ವಾಸ್‌ಏವಿಯೇಶನ್‌ನಂಥ ಚಾನೆಲ್‌ಗಳ ಶ್ರಮದಿಂದ ಕಲಿಯುವವರಿಗೆ ಬಹಳ ಅನುಕೂಲವಾಗಿದೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ವಿಡಿಯೊಗಳಲ್ಲಿ ಮಾತಿಲ್ಲದ ಹೊತ್ತನ್ನು ಸಾಮಾನ್ಯವಾಗಿ ಕತ್ತರಿಸಿರುತ್ತಾರೆ. ಆಗ ನಿಮಿಷಗಟ್ಟಲೆ ಹರಡಿದ್ದ ಘಟನೆ ಒಂದೇ ಉಸಿರಿನಲ್ಲಿ ಮುಗಿದಂತೆ ತೋರುತ್ತದೆ, ಅಥವಾ ಉತ್ತರಕ್ಕೆ ಕಾದ ಕಾಲದ ಉದ್ದವೇ ತಿಳಿಯುವುದಿಲ್ಲ. 2009ರ ಜನವರಿ 15ರ ಯುಎಸ್ ಏರ್‌ವೇಸ್ 1549ರ ಮಾತುಕತೆಯನ್ನು ಕತ್ತರಿಸದೆ ಕೇಳಿದವರಿಗೆ ಈ ವ್ಯತ್ಯಾಸ ತಿಳಿದಿರುತ್ತದೆ. ಹಕ್ಕಿಗಳು ಬಡಿದು ಎರಡೂ ಎಂಜಿನ್ ಶಕ್ತಿ ಕಳೆದುಕೊಂಡಾಗಿನಿಂದ ಹಡ್ಸನ್ ನದಿಯಲ್ಲಿ ಇಳಿಯುವವರೆಗೆ ಇದ್ದದ್ದು 208 ಸೆಕೆಂಡು. ಕ್ಯಾಪ್ಟನ್ ಚೆಸ್ಲಿ ಸಲ್ಲೆನ್‌ಬರ್ಗರ್ ತಮ್ಮ ಕಾಲ್‌ಸೈನನ್ನೇ 1539 ಎನ್ನುತ್ತಾರೆ. ನಿಯಂತ್ರಕ ಪ್ಯಾಟ್ರಿಕ್ ಹಾರ್ಟನ್ 1529 ಎಂದು ಉತ್ತರಿಸುತ್ತಾರೆ. ಲಾಗಾರ್ಡಿಯಾ ನಿಲ್ದಾಣದ ಒಂದು ರನ್‌ವೇ, ಅದು ಆಗದಿದ್ದರೆ ಇನ್ನೊಂದು, ಬಳಿಕ ಟೆಟರ್‌ಬರೋ ನಿಲ್ದಾಣ ಎಂದು ಹಾರ್ಟನ್ ದಾರಿಗಳನ್ನು ಮುಂದಿಡುತ್ತಾ ಹೋಗುತ್ತಾರೆ. ನದಿಯಲ್ಲಿ ಇಳಿಯುವುದಾಗಿ ಉತ್ತರ ಬಂದಾಗ ಮತ್ತೊಮ್ಮೆ ಹೇಳಿ ಎಂದು ಕೇಳುತ್ತಾರೆ. ನಡುನಡುವೆ ಅದೇ ಫ್ರೀಕ್ವೆನ್ಸಿಯ ಬೇರೆ ವಿಮಾನಗಳಿಗೂ ಸೂಚನೆ ಕೊಡುತ್ತಿರುತ್ತಾರೆ. ಅಂಕಿಗಳು ತಪ್ಪಿದವು, ಆದರೂ ಇಬ್ಬರೂ ಮಾಡಬೇಕಾದದ್ದನ್ನು ಮಾಡಿದರು ಮತ್ತು 155 ಮಂದಿಯೂ ಬದುಕಿದರು. ಪದಬಳಕೆಯ ಒಂದೊಂದು ತಪ್ಪನ್ನೂ ಎತ್ತಿ ಆಡುವುದೇ ಚರ್ಚೆಯೆಂದು ತಿಳಿದವರಿಗೆ ಈ ಧ್ವನಿಮುದ್ರಣವನ್ನು ಪೂರ್ತಿ ಕೇಳಲು ಹೇಳುತ್ತೇನೆ.

ಚರ್ಚೆಯಲ್ಲಿ ನಾನು ಪಾಲಿಸುವ ಕ್ರಮ ಹೀಗಿದೆ. ಧ್ವನಿಯಲ್ಲಿರುವ ನಿಯಂತ್ರಕರ ಅಥವಾ ಪೈಲಟ್‌ಗಳ ಗುರುತನ್ನು ಹುಡುಕುವ ಕೆಲಸಕ್ಕೆ ಕೈಹಾಕುವುದಿಲ್ಲ. ಕೇಳಿಸಿದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಬರೆಯುತ್ತೇನೆ, ಅಸ್ಪಷ್ಟ ಪದವನ್ನು ಅಸ್ಪಷ್ಟವೆಂದೇ ಗುರುತಿಸುತ್ತೇನೆ. ಪ್ರಾಥಮಿಕ ವರದಿ ಬಂದಾಗ ಅದೇ ಕಡತವನ್ನು ಮತ್ತೆ ಕೇಳುತ್ತೇನೆ. ಈ ಎರಡನೆಯ ಕೇಳುವಿಕೆಯಲ್ಲಿ ತಿಳಿಯುವುದು ಮೊದಲನೆಯದಕ್ಕಿಂತ ಎಷ್ಟೋ ಹೆಚ್ಚು. ಅಪಘಾತ ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಪ್ಪಿಸುವುದೇ ಹೊರತು ಹೊಣೆ ಹೊರಿಸುವುದಲ್ಲವೆಂದು ನಾಗರಿಕ ವಿಮಾನಯಾನದ ಅಂತರರಾಷ್ಟ್ರೀಯ ಒಪ್ಪಂದದ 13ನೆಯ ಅನುಬಂಧ ಹೇಳುತ್ತದೆ. ತನಿಖಾಧಿಕಾರಿಗಳು ಪಾಲಿಸುವ ಈ ಸಂಯಮವನ್ನು, ಅವರಿಗಿಂತ ಬಹಳ ಕಡಿಮೆ ಸಾಕ್ಷ್ಯ ಕೈಯಲ್ಲಿರುವ ನಾವು ಬಿಟ್ಟುಕೊಡುವುದಕ್ಕೆ ಕಾರಣವಿಲ್ಲ.

ಸೇವೆಯಿಂದ ನಾನು ನಿರೀಕ್ಷಿಸುವ ಸುಧಾರಣೆ ಒಂದೇ. ಹಲವು ಫ್ರೀಕ್ವೆನ್ಸಿಗಳನ್ನು ಬೆರೆಸಿದ ಫೀಡ್‌ಗಳ ಸಂಗ್ರಹದಲ್ಲಿ ಪ್ರತಿ ಮಾತಿನ ಜೊತೆ ಅದು ಯಾವ ಫ್ರೀಕ್ವೆನ್ಸಿಯಿಂದ ಬಂದಿತೆಂಬ ಗುರುತು ಉಳಿದಿರಬೇಕು. ಫೀಡ್ ಕಳಿಸುವ ಸ್ವಯಂಸೇವಕರ ಯಂತ್ರಕ್ಕೆ ಆ ಕ್ಷಣದಲ್ಲಿ ತಾನು ಯಾವ ಫ್ರೀಕ್ವೆನ್ಸಿಯಲ್ಲಿ ನಿಂತಿದ್ದೇನೆಂಬುದು ತಿಳಿದೇ ಇರುತ್ತದೆ. ಆ ಮಾಹಿತಿ ಧ್ವನಿಯೊಂದಿಗೆ ಕಡತ ಸೇರಿದರೆ ಯಾರ ಮಾತು ಯಾರಿಗೆ ಕೇಳಿಸುವಂತಿತ್ತು ಎಂಬ ಪ್ರಶ್ನೆಗೆ ಬಹುಪಾಲು ಉತ್ತರ ಸಿಕ್ಕಂತಾಗುತ್ತದೆ. ಅದು ಬರುವವರೆಗೂ ಬೆರೆಸಿದ ಫೀಡ್‌ಗಳನ್ನು ಅಭ್ಯಾಸಕ್ಕಷ್ಟೇ ಇಟ್ಟುಕೊಂಡು, ಅವಘಡದ ಅಧ್ಯಯನಕ್ಕೆ ಒಂದೇ ಫ್ರೀಕ್ವೆನ್ಸಿಯ ಫೀಡ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು, ಯುಟಿಸಿ ಸಮಯಕ್ಕೆ ಹೊಂದಿಸಿಕೊಂಡು ಕೇಳುವುದೇ ಸರಿಯಾದ ವಿಧಾನ.